ಕ ಅಕ್ಷರದ ಪಥ್ಯ

ಅರವತ್ತು ದಾಟಿದಾಗಿನಿಂದ ನನಗೊಂದು ಸಂಗತಿ ಬಗೆಹರಿದಿಲ್ಲ. ಈ ಮೈ ನನ್ನದೋ, ಡಾಕ್ಟರದೋ, ಇಲ್ಲಾ ನನ್ನ ಹೆಂಡತಿಯದೋ? ತುತ್ತು ಎತ್ತುವ ಮೊದಲು ಆಕೆಯ ಮುಖ ನೋಡಬೇಕು. ಸಾಕಾಗಿ ಹೋಗಿದೆ ನೋಡ್ರಿ!

ಹುಬ್ಬಳ್ಳಿ, ಧಾರವಾಡ ಎರಡೂ ಕೂಡಿ ಒಂದೇ ಕಾರ್ಪೊರೇಷನ್ ಆದ ಹೊಸತು. ಊರುಗಳೇನೋ ಕೂಡಿದವು, ನನ್ನ ಹಲ್ಲುಗಳು ಮಾತ್ರ ಬಿಟ್ಟುಹೋಗಲು ಹವಣಿಸಿದವು. ಮುಟ್ಟಿದರೆ ಒಸಡಿನಲ್ಲಿ ರಕ್ತ. ಖಡಕ್ ರೊಟ್ಟಿ ಕಡಿಯುವುದೊಂದೇ ಈ ಮುಪ್ಪಿನ ಸುಖ, ಅದೂ ಹೋದರೆ ಏನು ಉಳಿಯಿತು? ಹೆಂಡತಿಯನ್ನು ಕರೆದುಕೊಂಡು ಧಾರವಾಡದಿಂದ ಹುಬ್ಬಳ್ಳಿಯ ಕೇಶ್ವಾಪುರದ ಡಾಕ್ಟರ ಕಡೆಗೆ ಹೋದೆ. ಪುಣೆಯಲ್ಲಿ ಕಲಿತು ಬಂದವರು, ಸಂಭಾವಿತರು. ರಕ್ತ ತೆಗೆದು ಪರೀಕ್ಷೆ ಮಾಡಿಸಿ ಹೇಳಿದರು:

"ಮಾಸ್ತರ, ನಿಮ್ಮ ರಕ್ತದಾಗ ಕ ಜೀವಸತ್ವ ಭಾಳ ಕಮ್ಮಿ ಐತ್ರಿ. ಹಿಂಗ ಬಿಟ್ರ ಹಲ್ಲು ಉಳಿಯಂಗಿಲ್ಲ. ಅದು ಇರೋ ಪದಾರ್ಥ ತಿನ್ರಿ. ಸಾಲಿ ಕಲಿಸಿದವರಿಗೆ ಯಾವುವು ಅಂತ ನಾ ಹೇಳಬೇಕೇನ್ರಿ?"

ಜನ್ಮವಿಡೀ ಕನ್ನಡ ವ್ಯಾಕರಣ ಕಲಿಸಿದವನು ಗೊತ್ತಿಲ್ಲ ಅನ್ನಲಾದೀತೆ? ಹೌದ್ಹೌದು ಎಂದು ಗೋಣು ಹಾಕಿ ಬಂದೆ.

"ಕ ಅಂದ್ರ ಕಡ್ಲಿ, ಕೊಬ್ಬರಿ, ಕುಂಬಳಕಾಯಿ. ಮತ್ತೇನು?" ಎಂದಳು ಹೆಂಡತಿ. ಅಲ್ಲವೆನ್ನಲು ನನ್ನಲ್ಲಿ ಬೇರೆ ಅರ್ಥವಿರಲಿಲ್ಲ. ಅಲ್ಲದೆ ಕಡುಬು, ಕರದಂಟುಗಳೂ ಕ ಅಕ್ಷರದವೇ ಎಂದು ತಟ್ಟನೆ ಹೊಳೆಯಿತು. ಕಾಗುಣಿತ ಪೂರ್ತಿ ನಡೆಯುತ್ತದೆಂದು ನಾನೇ ತೀರ್ಪು ಕೊಟ್ಟೆ.

ಆದರೆ ನಮ್ಮ ಮನೆಯಲ್ಲಿ ಪಥ್ಯವೆಂದರೆ ಡಾಕ್ಟರು ಹೇಳದ್ದೆಲ್ಲ ಬಂದ್. ತಾಟಿನ ತುದಿಯ ಲಿಂಬಿಹೋಳು ಹೋಯಿತು. ರೊಟ್ಟಿ ಜೋಡಿಯ ಹಸಿ ಮೆಂತೆಸೊಪ್ಪು ಹೋಯಿತು. ಧಾರವಾಡದಲ್ಲಿದ್ದು ಪೇರಲಹಣ್ಣು ತಿನ್ನಬಾರದೆಂದರೆ ಇದೆಲ್ಲಿಯ ನ್ಯಾಯ? ಕೇಳಿದರೆ, "ಅದು ಪ ರಿ. ಡಾಕ್ಟ್ರು ಪ ಅಂದಾರೇನು?" ಖಡಕ್ ರೊಟ್ಟಿಯದೂ ತಕರಾರಾಯಿತು, ಅದು ಖ ಅಂತ! 'ಕಟಕ' ಎಂಬುದೇ ಶುದ್ಧರೂಪವೆಂದು ವಾದಿಸಿ ಅದೊಂದನ್ನು ಉಳಿಸಿಕೊಂಡೆ. ಕಡಿಯಲು ಮಾತ್ರ ಹಲ್ಲು ಒಪ್ಪಲಿಲ್ಲ. ಕಡ್ಲಿ, ಕೊಬ್ಬರಿ, ಕರದಂಟಿನ ಗತಿಯೂ ಅಷ್ಟೇ; ಕಡುಬು ಹಬ್ಬಕ್ಕಷ್ಟೇ. ಉಳಿದದ್ದು ಕುಂಬಳಕಾಯಿ. ಮುಂಜಾನೆ ಕುಂಬಳಕಾಯಿ, ಸಂಜೆ ಕುಂಬಳಕಾಯಿ. ಆ ಹೆಸರು ಕೇಳಿದರೆ ಇಂದಿಗೂ ನನ್ನ ಪಿತ್ತ ನೆತ್ತಿಗೇರುತ್ತದೆ.

ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆಯಾಯಿತು. "ಇನ್ನೂ ಇಳದೈತಲ್ರಿ! ಏನು ತಿಂದ್ರಿ?" ಎಂದರು ಡಾಕ್ಟರು. ಹೆಂಡತಿ ಹೆಮ್ಮೆಯಿಂದ ಎಲ್ಲ ಒಪ್ಪಿಸಿದಳು. ಆ ಮನುಷ್ಯ ಕನ್ನಡಕ ತೆಗೆದಿಟ್ಟು, ಕಣ್ಣೀರು ಬರುವಷ್ಟು ನಕ್ಕರು. ಇಂಗ್ಲಿಷಿನ ಸಿ ವಿಟಮಿನ್ನಿಗೆ ಪುಣೆಯ ಕಡೆ ಮರಾಠಿಯಲ್ಲಿ ಕ ಅನ್ನುತ್ತಾರಂತೆ. ಅದು ಇರುವುದು ಎಲ್ಲಿ? ಪೇರಲಹಣ್ಣಿನಲ್ಲಿ, ಲಿಂಬಿಯಲ್ಲಿ, ಹಸಿ ಸೊಪ್ಪಿನಲ್ಲಿ! ನನ್ನ ತಾಟಿನಿಂದ ಎದ್ದುಹೋದವುಗಳಲ್ಲೇ! ಮೈಯೆಲ್ಲ ಉರಿದುಹೋಯಿತು. ಬಸ್ಸಿನಲ್ಲಿ ಧಾರವಾಡ ಮುಟ್ಟುವತನಕ ಹೆಂಡತಿಗೆ ಬೆನ್ನು ಮಾಡಿ ಕುಳಿತೆ.

ಮನೆಗೆ ಬಂದವಳೇ ಒಂದು ಕಳಿತ ಪೇರಲಹಣ್ಣು ತೆಗೆದುಕೊಂಡು ಕುಳಿತಳು. ಒಸಡಿಗೆ ಚುಚ್ಚಬಾರದೆಂದು ಬೀಜವನ್ನೆಲ್ಲ ಚಮಚದಿಂದ ಕೆರೆದು ತೆಗೆದಳು. ಸಣ್ಣ ಸಣ್ಣ ಹೋಳು ಮಾಡಿ ಮುಂದಿಟ್ಟಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಯಾಕ, ಇದು ಪ ಅಲ್ಲೇನು?" ಎಂದು ಮುಖ ತಿರುವಿದೆ.

"ಕೊಯ್ದು ಕೊಟ್ಟೇನಲ್ರಿ," ಎಂದಳು. "ಕೊಯ್ಯೋದು, ಕೊಡೋದು ಎರಡೂ ಕ ನ. ತಿನ್ರಿ."

ವ್ಯಾಕರಣ ಬದಿಗಿಟ್ಟು ಒಂದು ಹೋಳು ಎತ್ತಿಕೊಂಡೆ. ಬಾಯಿ ತೆರೆದೆ. ಹಲ್ಲು ಉಳಿದವು. ಇವತ್ತಿಗೂ ಕಟಕ ರೊಟ್ಟಿ ಕರಕರ ಕಡಿಯುತ್ತೇನೆ, ತುತ್ತು ಎತ್ತುವ ಮೊದಲು ಆಕೆಯ ಮುಖ ನೋಡಿ.