ಕಿತ್ತಳೆ ಪೆಟ್ಟಿಗೆಯ ಲೈಬ್ರರಿ

ಮೈಸೂರಿನಲ್ಲಿ ಬಿ.ಎಡ್. ಮುಗಿಸಿ, ಕೆಲವು ವರ್ಷ ಪಾಠವನ್ನೂ ಹೇಳಿ, ಮಕ್ಕಳು ಎದ್ದು ನಿಂತು ರಾಗವಾಗಿ ‘ನಮಸ್ತೇ ಟೀಚರ್’ ಎನ್ನುವುದಕ್ಕೆ ಚೆನ್ನಾಗಿ ಒಗ್ಗಿಹೋಗಿದ್ದವಳು ನಾನು. ಅಮೆರಿಕದ ಹೇವರ್ಡಿಗೆ ಬಂದ ಮೇಲೆ ಟೀಚರಾಗುವುದನ್ನು ಮತ್ತೆ ಮೊದಲಿನಿಂದ ಕಲಿಯಬೇಕು ಎಂದಾಗ ಮೈಯೆಲ್ಲ ಉರಿದುಹೋಯಿತು. ಅದು ಎಂಬತ್ತರ ದಶಕದ ಆರಂಭ. ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಇದ್ದುಕೊಂಡು ಗುಡ್ಡದ ಮೇಲಿನ ಯೂನಿವರ್ಸಿಟಿಗೆ ಹೋಗುತ್ತಿದ್ದೆ. ಕೊನೆಯಲ್ಲಿ ಸ್ಟೂಡೆಂಟ್ ಟೀಚಿಂಗು. ಊರಿನ ಒಂದು ಸರ್ಕಾರಿ ಶಾಲೆಯಲ್ಲಿ ಅನುಭವಿ ಟೀಚರೊಬ್ಬರ ಕಣ್ಣೆದುರು ಪಾಠ ಮಾಡಬೇಕು. ಅವರೂ ಯೂನಿವರ್ಸಿಟಿಯಿಂದ ನೋಡಲು ಬರುವ ಪ್ರೊಫೆಸರೂ ಒಪ್ಪಿದರೆ ನಾನು ಟೀಚರು. ಇಲ್ಲವಾದರೆ ಅಷ್ಟು ದಿನ ಓದಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ.

ನನಗೆ ಸಿಕ್ಕಿದ್ದು ಎರಡನೇ ಕ್ಲಾಸು. ಅಲ್ಲಿನ ಟೀಚರು ಎತ್ತರದ, ಬೆಳ್ಳಿಕೂದಲಿನ ಹೆಂಗಸು. ಕೊರಳಲ್ಲಿ ಒಂದು ಸರದಲ್ಲಿ ಕನ್ನಡಕ, ಇನ್ನೊಂದರಲ್ಲಿ ಸೀಟಿ. ನನಗಿಂತ ಮುಂಚೆ ಬಂದಿದ್ದ ಹುಡುಗಿಯನ್ನು ಅರ್ಧದಲ್ಲೇ ವಾಪಸು ಕಳಿಸಿದ್ದರು ಎಂಬ ಸುದ್ದಿ ಯೂನಿವರ್ಸಿಟಿಯ ಕ್ಯಾಂಟೀನಿನಲ್ಲೇ ನನ್ನ ಕಿವಿಗೆ ಬಿದ್ದಿತ್ತು. ಅವರು ಹೊಗಳುವುದು ಅಪರೂಪ. ಅಪ್ಪಿತಪ್ಪಿ ಹೊಗಳಿದರೆ, ಎಲ್ಲಿ ದೃಷ್ಟಿ ತಾಗುತ್ತದೋ ಎಂಬಂತೆ ತಕ್ಷಣ ಮರದ್ದೇನಾದರೂ ಹುಡುಕಿ ಬೆರಳ ಗೆಣ್ಣಿನಿಂದ ಟಕಟಕ ಕುಟ್ಟುತ್ತಿದ್ದರು. ಕ್ಲಾಸಿನ ಮೇಜುಗಳೆಲ್ಲ ಕಬ್ಬಿಣ ಮತ್ತು ಸನ್‌ಮೈಕಾದವು. ಹಾಗಾಗಿ ಒಂದು ಮಗುವಿಗೆ ‘ಈ ಸಲ ಮಗ್ಗಿ ಚೆನ್ನಾಗಿ ಹೇಳಿದೆ’ ಎಂದರೆ ಮರದ ಬಾಗಿಲವರೆಗೂ ನಡೆದುಹೋಗಿ ಕುಟ್ಟಿ ಬರಬೇಕಾಗುತ್ತಿತ್ತು. ನನಗಾಗಿ ಅವರು ಬಾಗಿಲ ಕಡೆ ಹೋದದ್ದನ್ನು ನಾನಂತೂ ನೋಡಲಿಲ್ಲ.

ಮೈಸೂರಿನಲ್ಲಿ ನನಗೆ ನಿಲ್ಲಲು ಎತ್ತರದ ಹಲಗೆಯ ವೇದಿಕೆಯಿತ್ತು, ಕೈಯಲ್ಲಿ ಬೆತ್ತವೂ ಇರುತ್ತಿತ್ತು. ಇಲ್ಲಿ ಟೀಚರೂ ಮಕ್ಕಳೂ ಒಟ್ಟಿಗೆ ಕಾರ್ಪೆಟ್ಟಿನ ಮೇಲೆ ಕೂತು ಓದುವ ಪದ್ಧತಿ. ಕಥೆಪುಸ್ತಕಗಳೆಲ್ಲ ನೆಲದಲ್ಲೇ ಹರಡಿ ಬಿದ್ದಿರುತ್ತಿದ್ದವು. ಮಕ್ಕಳು ಅವನ್ನು ದಾಟುತ್ತ, ತುಳಿಯುತ್ತ, ಮನಸ್ಸು ಬಂದರೆ ಒಂದರ ಮೇಲೆ ನಿಂತು ಜಾರುತ್ತ ಓಡಾಡುತ್ತಿದ್ದವು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದೆ. ಆದರೆ ಮೊದಲ ವಾರದಲ್ಲೇ ನನ್ನ ಶೂ ತುದಿ ಒಂದು ಪುಸ್ತಕಕ್ಕೆ ತಾಗಿತು. ಕೈ ನನ್ನನ್ನು ಕೇಳಲೇ ಇಲ್ಲ. ತಾನಾಗಿ ಕೆಳಗೆ ಹೋಗಿ ಪುಸ್ತಕ ಮುಟ್ಟಿ, ಮೇಲೆ ಬಂದು ಎರಡು ಕಣ್ಣಿಗೂ ಒತ್ತಿಕೊಂಡಿತು.

ಮುಂದಿನ ಹಲ್ಲು ಬಿದ್ದಿದ್ದ ಒಬ್ಬಳು ಹುಡುಗಿ ಇದನ್ನು ನೋಡಿಬಿಟ್ಟಳು.

“ಮಿಸ್, ಏನು ಮಾಡಿದ್ರಿ ಈಗ?”

ಸರಸ್ವತಿಯನ್ನು ಎಲ್ಲಿಂದ ಹಿಡಿದು ಎಲ್ಲಿಗೆ ವಿವರಿಸುವುದು? “ಕಾಲು ತಾಗಿತಲ್ಲ, ಪುಸ್ತಕಕ್ಕೆ ಸಾರಿ ಹೇಳಿದೆ” ಎಂದೆ.

ಅಷ್ಟೇ ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಅವಳು ತುಳಿದ ಪ್ರತಿ ಪುಸ್ತಕಕ್ಕೂ ಸಾರಿ ಹೇಳತೊಡಗಿದಳು. ಮರುದಿನ ಅವಳ ಪಕ್ಕದವರು, ಅದರ ಮರುದಿನ ಇಡೀ ಕ್ಲಾಸು. ಕೆಲವರು ಸಾರಿ ಹೇಳುವ ಆಸೆಗೆ ಬೇಕೆಂದೇ ತುಳಿಯುತ್ತಿದ್ದರು. ನನಗೆ ಒಳಗೊಳಗೇ ಖುಷಿ. ಪಾಠದಲ್ಲಿ ನಾನು ಕಲಿಸಿದ್ದು ಒಂದೂ ಇಷ್ಟು ಬೇಗ ಅವರ ತಲೆಗೆ ಹತ್ತಿರಲಿಲ್ಲ.

ಖುಷಿ ಬಹಳ ದಿನ ಉಳಿಯಲಿಲ್ಲ. ಹಲ್ಲು ಬಿದ್ದ ಹುಡುಗಿ ಮನೆಯಲ್ಲಿ ಟೆಲಿಫೋನ್ ಡೈರೆಕ್ಟರಿಯನ್ನು ತುಳಿದು, ಆ ದಪ್ಪ ಹಳದಿ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡಳಂತೆ. ಅವಳಮ್ಮ ಗಾಬರಿಯಾಗಿ ಶಾಲೆಗೆ ಫೋನ್ ಮಾಡಿ, ಅಲ್ಲಿ ಯಾವ ಧರ್ಮ ಹೇಳಿಕೊಡುತ್ತಿದ್ದೀರಿ ಎಂದು ಕೇಳಿದರಂತೆ.

ಟೀಚರು ಮಕ್ಕಳೆಲ್ಲ ಹೋಗುವವರೆಗೆ ಕಾದು ನನ್ನನ್ನು ಕೂರಿಸಿಕೊಂಡರು.

“ಇದು ಸರ್ಕಾರಿ ಶಾಲೆ. ಪೂಜೆ, ಪ್ರಾರ್ಥನೆ ಇಲ್ಲಿ ನಡೆಯುವುದಿಲ್ಲ.”

“ಅದು ಪೂಜೆ ಅಲ್ಲ.”

“ಮತ್ತೇನು?”

ಏನೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. “ಅಭ್ಯಾಸ” ಎಂದೆ.

“ಹಾಗಿದ್ದರೆ ಅಭ್ಯಾಸ ಬಿಡು. ಪ್ರೊಫೆಸರು ಬಂದ ದಿನ ಇದು ನಡೆದರೆ ನಾನು ನಿನ್ನ ಪರವಾಗಿ ಒಂದು ಮಾತೂ ಆಡುವುದಿಲ್ಲ.”

ನೀವು ಬಾಗಿಲು ಕುಟ್ಟುತ್ತೀರಲ್ಲ, ಅದೇನು ಎಂದು ಕೇಳಲು ನಾಲಗೆ ತುದಿವರೆಗೆ ಬಂದಿತ್ತು. ನುಂಗಿಕೊಂಡೆ. ಮನೆಗೆ ಬಂದು ಅಕ್ಕನ ಮುಂದೆ ಹಾರಾಡಿದೆ. ಅಕ್ಕ ಅನ್ನಕ್ಕಿಡುತ್ತಲೇ ಕೇಳಿಸಿಕೊಂಡಳು.

“ಸುಮ್ನೆ ಕೈ ಕಟ್ಕೊಂಡು ಪಾಠ ಮಾಡೇ ಮಾರಾಯ್ತಿ. ಪಾಸಾಗಿ ಜಾಬು ಸಿಕ್ಕಿದ್ಮೇಲೆ ಬೇಕಾದ್ರೆ ಬ್ಲ್ಯಾಕ್‌ಬೋರ್ಡಿಗೇ ಮಂಗಳಾರತಿ ಎತ್ಕೋ” ಎಂದಳು.

ಕೈ ಕಟ್ಟಿಕೊಂಡೆ. ಕೋಟಿನ ಜೇಬಿನಲ್ಲಿಟ್ಟುಕೊಂಡೆ. ಒಂದು ಕೈಯಲ್ಲಿ ಕಾಫಿ ಮಗ್, ಇನ್ನೊಂದರಲ್ಲಿ ಚಾಕ್‌ಪೀಸಿನ ಡಬ್ಬಿ ಹಿಡಿದು ಓಡಾಡಿದೆ. ಆಗ ಕಾಲಿಗೆ ಪುಸ್ತಕ ತಾಗಿದರೆ ಕೈಯ ಬದಲು ತಲೆಯೇ ಬಗ್ಗುತ್ತಿತ್ತು. ಮಕ್ಕಳಿಗೋ, ಮಿಸ್ ಯಾಕೆ ಹೀಗೆ ಒದ್ದಾಡುತ್ತಿದ್ದಾರೆ ಎಂದು ಅನುಕಂಪ. ಪ್ರೊಫೆಸರು ಬರುವ ದಿನ ಹತ್ತಿರವಾಗುತ್ತಿತ್ತು. ನನಗೆ ನಿಜವಾಗಿ ಭಯವಾಗಿತ್ತು.

ಆ ದಿನಗಳಲ್ಲಿ ನನ್ನನ್ನು ನಗಿಸಿ ಉಳಿಸಿದವಳು ಒಬ್ಬಳು ಗೆಳತಿ. ಬ್ರೆಜಿಲ್‌ನ ಸಾಲ್ವಡಾರ್ ಎಂಬ ಊರಿನವಳು. ನನ್ನ ಹಾಗೆಯೇ ಪರದೇಶಿ. ಅದೇ ಶಾಲೆಯ ಪಕ್ಕದ ಕೋಣೆಯಲ್ಲಿ, ನನ್ನ ಕ್ಲಾಸಿನವರಿಗಿಂತ ಚಿಕ್ಕ ಮಕ್ಕಳಿಗೆ ಅವಳೂ ಪಾಠದ ಅಭ್ಯಾಸ ಮಾಡುತ್ತಿದ್ದಳು. ತನ್ನೂರಿನಲ್ಲಿ ಗುಡ್ಡದ ಮೇಲೊಂದು ಊರು, ಕೆಳಗೆ ಸಮುದ್ರದ ಪಕ್ಕ ಇನ್ನೊಂದು ಊರು, ಒಂದರಿಂದ ಇನ್ನೊಂದಕ್ಕೆ ಜನ ಲಿಫ್ಟಿನಲ್ಲಿ ಓಡಾಡುತ್ತಾರೆ ಎಂದಳು. ಬುರುಡೆ ಬಿಡುತ್ತಿದ್ದಾಳೆ ಎಂದುಕೊಂಡೆ. ಲೈಬ್ರರಿಗೆ ಎಳೆದುಕೊಂಡು ಹೋಗಿ ಫೋಟೊ ತೋರಿಸಿದಳು. ಅಂದಿನಿಂದ ಅವಳು ಏನು ಹೇಳಿದರೂ ನಂಬುತ್ತಿದ್ದೆ.

ಹೊಸ ಊರು ನೋಡುವುದಕ್ಕೆ ಅವಳದೊಂದು ವಿಧಾನವಿತ್ತು. ಶನಿವಾರ ಟ್ರೇನು ಹಿಡಿದು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವುದು. ಮೊದಲು ಬಂದ ಬಸ್ಸನ್ನು, ನಂಬರನ್ನೂ ನೋಡದೆ ಹತ್ತುವುದು. ಕೊನೆಯ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ಹಿಂದಕ್ಕೆ ಬರುವುದು. ‘ಬಸ್ಸಿನಲ್ಲಿ ಹೋಗುವಾಗ ಊರು ನಮ್ಮನ್ನು ನೋಡುತ್ತದೆ, ವಾಪಸು ಬರುವಾಗ ನಾವು ಊರನ್ನು ನೋಡಬೇಕು’ ಎನ್ನುತ್ತಿದ್ದಳು. ಹೀಗೆ ಒಂದು ಸಲ ಸಮುದ್ರದ ದಂಡೆಗೆ ಹೋಗಿ ಬಿದ್ದೆವು. ಬಿಸಿಲಿದೆಯೆಂದು ತೆಳು ಸೀರೆಯುಟ್ಟು ಹೋಗಿದ್ದ ನನ್ನನ್ನು ಮಂಜು ಹಿಡಿದು ನಡುಗಿಸಿತು. ಸೀರೆಯ ಮೇಲೆ ಅವಳ ಕೆಂಪು ಸ್ವೆಟರು, ಅದರ ಮೇಲೆ ತಲೆಗೆ ಅವಳದೇ ಉಣ್ಣೆ ಟೋಪಿ. ಆ ವೇಷದಲ್ಲಿ ಅಷ್ಟೂ ಗುಡ್ಡಗಳನ್ನು ಹತ್ತಿ ಇಳಿದು ಬಂದೆ. ಯಾರೂ ತಿರುಗಿ ನೋಡಲಿಲ್ಲ, ಆ ಊರೇ ಹಾಗೆ.

ಟೀಚರು ಬೈದ ವಾರದ ಶನಿವಾರ ಬಸ್ಸಿನಲ್ಲಿ ನನ್ನ ಕಷ್ಟವನ್ನೆಲ್ಲ ಹೇಳಿಕೊಳ್ಳುತ್ತಿದ್ದೆ. ಮಧ್ಯದಲ್ಲಿ ಬಸ್ಸು ಒಂದು ಚರ್ಚನ್ನು ದಾಟಿತು. ಮಾತು ಕೇಳುತ್ತ ಕೇಳುತ್ತಲೇ ಅವಳ ಕೈ ಹಣೆ, ಎದೆ, ಎರಡು ಭುಜ ಮುಟ್ಟಿ ತೊಡೆಯ ಮೇಲೆ ಬಂದು ಕೂತಿತು.

“ಈಗ ನೀನು ಮಾಡಿದೆಯಲ್ಲ, ಅದನ್ನು ಬಿಡು ಅಂದರೆ ಬಿಡುತ್ತೀಯಾ?” ಎಂದೆ.

“ಏನು ಮಾಡಿದೆ?” ಎಂದಳು. ಅವಳಿಗೆ ಗೊತ್ತೇ ಆಗಿರಲಿಲ್ಲ!

ಹೇಳಿದ ಮೇಲೆ ಪಂಥ ಕಟ್ಟಿ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತಳು. ಮುಂದಿನ ಚರ್ಚು ಬಂದಾಗ ಮುಖವೆಲ್ಲ ಕೆಂಪಗಾಗಿ, ಕೊನೆಗೆ ಬಲಗೈಯನ್ನು ಎಳೆದು ಹಣೆಗೆ ಮುಟ್ಟಿಸಿಯೇಬಿಟ್ಟಳು. ನಾವು ನಕ್ಕ ರಭಸಕ್ಕೆ ಡ್ರೈವರು ಕನ್ನಡಿಯಲ್ಲಿ ನೋಡಿದ.

“ನಮ್ಮ ಕೈಗಳು ನಮ್ಮ ಮಾತು ಕೇಳೋದಿಲ್ಲ. ಬೇರೆ ಏನಾದರೂ ಯೋಚಿಸು” ಎಂದಳು.

ಮಿಷನ್ ಎಂಬ ಬಡಾವಣೆಯಲ್ಲಿ ನಡೆದು ಬರುವಾಗ ಯೋಚನೆ ಕಣ್ಣೆದುರೇ ಇತ್ತು. ಹಣ್ಣಿನಂಗಡಿಯ ಹೊರಗೆ ಕಿತ್ತಳೆ ತುಂಬಿ ಬಂದಿದ್ದ ಮರದ ಪೆಟ್ಟಿಗೆಗಳನ್ನು ಖಾಲಿ ಮಾಡಿ ಒಂದರ ಮೇಲೊಂದು ಪೇರಿಸಿದ್ದರು. ಕೈಯನ್ನು ತಡೆಯಲಾಗದಿದ್ದರೆ ಹೋಗಲಿ, ಕಾಲಿಗೆ ಪುಸ್ತಕವೇ ಸಿಗದ ಹಾಗೆ ಮಾಡಿದರಾಯಿತಲ್ಲ! ಗೆಳತಿ ತನ್ನ ಪೋರ್ಚುಗೀಸನ್ನು ಕೈಸನ್ನೆಯೊಂದಿಗೆ ಬೆರೆಸಿ ಅಂಗಡಿಯವನಿಗೆ ಏನೋ ಹೇಳಿದಳು. ಅವನು ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿ ನಕ್ಕು, ಹೊರುವಷ್ಟು ಹೊತ್ತುಕೊಂಡು ಹೋಗಿ ಎಂದ. ಟ್ರೇನಿನಲ್ಲಿ ನಾವಿಬ್ಬರೂ ಪೆಟ್ಟಿಗೆಗಳ ನಡುವೆ ಸಿಕ್ಕಿಕೊಂಡು ಹೇವರ್ಡಿನವರೆಗೆ ಬಂದೆವು. ಇಡೀ ಬೋಗಿಯಲ್ಲಿ ಕಿತ್ತಳೆಸಿಪ್ಪೆಯ ವಾಸನೆ.

ಬಾಗಿಲು ತೆಗೆದ ಅಕ್ಕ ಪೆಟ್ಟಿಗೆಗಳನ್ನು ಒಂದೊಂದಾಗಿ ಎಣಿಸಿದಳು.

“ಏನೇ ಇದು, ಓದಕ್ಕೆ ಬಂದ್ಯೋ ಹಣ್ಣಿನ ವ್ಯಾಪಾರ ಮಾಡಕ್ಕೆ ಬಂದ್ಯೋ? ಜಿರಲೆ ಗಿರಲೆ ಬಂದ್ರೆ ಮ್ಯಾನೇಜರ್ ನಮ್ಮನ್ನ ಅಪಾರ್ಟ್‌ಮೆಂಟಿಂದಾನೇ ಓಡಿಸ್ತಾನೆ, ನೆನಪಿರ್ಲಿ.”

ಬೈಯುತ್ತಲೇ ಸೋಪಿನ ನೀರು ಕಲಸಿದಳು. ಬಾಲ್ಕನಿಯಲ್ಲಿ ಮೂವರೂ ಕೂತು ಪೆಟ್ಟಿಗೆಗಳನ್ನು ತಿಕ್ಕಿ ತೊಳೆದೆವು. ಗೆಳತಿಗೆ ಅಕ್ಕನ ಉಪ್ಪಿಟ್ಟು ಬಹಳ ಹಿಡಿಸಿತು.

ಸೋಮವಾರ ಪೆಟ್ಟಿಗೆಗಳನ್ನು ಕಿಟಕಿಯ ಕೆಳಗೆ ಸಾಲಾಗಿ ಜೋಡಿಸಿ, ಮಕ್ಕಳ ಕೈಗೆ ಬಣ್ಣ ಕೊಟ್ಟೆ. ಪುಸ್ತಕಗಳಿಗೆ ಮನೆ ಕಟ್ಟಿದ್ದೇವೆ, ಓದಿ ಮುಗಿದ ಮೇಲೆ ಅವು ಮನೆಗೆ ಹೋಗಬೇಕು ಎಂದೆ. ಟೀಚರು ಬಂದು ನೋಡಿದರು.

“ಇದೇನು?”

“ಲೈಬ್ರರಿ.”

“ಹೂಂ” ಎಂದರು. ಬಾಗಿಲ ಕಡೆಗೇನೂ ಹೋಗಲಿಲ್ಲ. ಆದರೆ ನೆಲ ಖಾಲಿಯಾಯಿತು, ನನ್ನ ಕೈಗೆ ಕೆಲಸ ತಪ್ಪಿತು, ನಾನು ನೆಮ್ಮದಿಯಿಂದ ಪಾಠ ಮಾಡತೊಡಗಿದೆ.

ಪ್ರೊಫೆಸರು ಬಂದ ದಿನ ನಾನು ಆರಿಸಿಕೊಂಡಿದ್ದು ಅಳತೆಯ ಪಾಠ. ಮೇಜನ್ನು ಗೇಣಿನಲ್ಲಿ ಅಳೆಯಿರಿ ಎಂದೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಲೆಕ್ಕ ಬಂದು, ನನ್ನದೇ ಸರಿ, ನಿನ್ನದು ತಪ್ಪು ಎಂದು ಕ್ಲಾಸಿನಲ್ಲಿ ಮಹಾಯುದ್ಧ. ನನಗೆ ಬೇಕಾಗಿದ್ದುದೂ ಅದೇ. ಸ್ಕೇಲು ಯಾಕೆ ಬೇಕಾಯಿತು ಎಂಬ ಮಾತು ಅವರ ಬಾಯಿಂದಲೇ ಬರುವುದರಲ್ಲಿತ್ತು. ಪ್ರೊಫೆಸರು ದಪ್ಪ ಮನುಷ್ಯ. ಪುಟ್ಟ ಕುರ್ಚಿಯ ಮೇಲೆ ಹೇಗೋ ಕೂತು, ಕೈಚೀಲವನ್ನೂ ತಾವು ತಂದಿದ್ದ ದೊಡ್ಡ ಪುಸ್ತಕವನ್ನೂ ಕಾಲ ಬಳಿ ಕಾರ್ಪೆಟ್ಟಿನ ಮೇಲೆ ಇಟ್ಟುಕೊಂಡಿದ್ದರು. ಕಾಲು ಜೋಮು ಹಿಡಿದಿರಬೇಕು. ಬದಲಿಸಿದರು. ಅವರ ಕಂದು ಬಣ್ಣದ ಶೂ ನೇರವಾಗಿ ಪುಸ್ತಕದ ಮೇಲೆ ಬಂದು ಕೂತಿತು.

ಯುದ್ಧ ನಿಂತುಹೋಯಿತು. ಇಡೀ ಕ್ಲಾಸು ಆ ಶೂವನ್ನೇ ನೋಡುತ್ತಿತ್ತು. ಹಲ್ಲು ಬಿದ್ದ ಹುಡುಗಿ ಎದ್ದು ಅವರ ಮುಂದೆ ಹೋಗಿ ನಿಂತಳು.

“ಸರ್, ನೀವು ಪುಸ್ತಕ ತುಳೀತಿದ್ದೀರಿ.”

“ಪರವಾಗಿಲ್ಲಮ್ಮ, ಅದು ನನ್ನದೇ.”

“ನಿಮ್ಮದಾದರೂ ಪುಸ್ತಕ ತಾನೇ? ಸಾರಿ ಹೇಳಬೇಕು” ಎಂದು ತನ್ನ ಎರಡೂ ಕಣ್ಣುಗಳನ್ನು ಮುಟ್ಟಿ ತೋರಿಸಿದಳು.

ಪ್ರೊಫೆಸರು ನನ್ನ ಕಡೆ ತಿರುಗಿದರು. “ಏನಿದು?”

ಪೂಜೆ ಅಲ್ಲ ಎನ್ನಲೇ, ಅಭ್ಯಾಸ ಎನ್ನಲೇ? ಎಲ್ಲ ಮುಗಿಯಿತು, ಅಕ್ಕನಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಕೋಣೆಯ ಹಿಂದಿನಿಂದ ಟೀಚರ ದನಿ ಬಂತು.

“ಈ ಕ್ಲಾಸಿನಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ನಾವು ಸಾರಿ ಹೇಳುತ್ತೇವೆ, ಪ್ರೊಫೆಸರ್. ನೀವೂ ಹೇಳಿ.”

‘ನಾವು’ ಎಂದರು. ನಾನು ಆ ಕಡೆ ನೋಡಲೂ ಹೆದರಿದೆ.

ಪ್ರೊಫೆಸರು ಏದುಸಿರು ಬಿಡುತ್ತ ಬಗ್ಗಿ ಪುಸ್ತಕವನ್ನು ಎತ್ತಿಕೊಂಡರು. ಹುಡುಗಿ ತೋರಿಸಿದ ಹಾಗೆ ಕಣ್ಣಿಗೆ ಒತ್ತಲು ಹೋಗಿ ಕನ್ನಡಕಕ್ಕೆ ಒತ್ತಿಕೊಂಡರು. ಅಷ್ಟಾದರೂ ಮಾಡಿದರಲ್ಲ ಎಂದು ಮಕ್ಕಳಿಗೆ ಸಮಾಧಾನವಾಯಿತು. ಎಲ್ಲರೂ ಮತ್ತೆ ಮೇಜಿಗೆ ಬಂದು ಗೇಣಿನ ಜಗಳ ಮುಂದುವರಿಸಿದರು. ಪ್ರೊಫೆಸರು ಆಮೇಲೆ ಕಾಲು ಅಲ್ಲಾಡಿಸಲೇ ಇಲ್ಲ. ಹೋಗುವಾಗ ಪಾಠ ಚೆನ್ನಾಗಿತ್ತು, ಪಾಸು ಎಂದು ನನ್ನ ಕೈ ಕುಲುಕಿದರು.

ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಟೀಚರು ಕಿಟಕಿಯ ಬಳಿ ನಿಂತಿದ್ದರು.

“ಆ ಅಭ್ಯಾಸ ಏನೆಂದು ನನಗೆ ಈಗಲೂ ಅರ್ಥವಾಗಿಲ್ಲ” ಎಂದರು. “ಪ್ರತಿ ವರ್ಷ ಈ ಹೊತ್ತಿಗೆ ಅರ್ಧದಷ್ಟು ಪುಸ್ತಕಗಳು ಹರಿದು ಹಾಳಾಗಿರುತ್ತಿದ್ದವು. ಈ ವರ್ಷ ಹರಿದದ್ದು ಕಾಣಲಿಲ್ಲ. ಆ ಹುಡುಗಿಯ ಅಮ್ಮನಿಗೂ ಫೋನ್ ಮಾಡಿ ಅದನ್ನೇ ಹೇಳಿದೆ.”

ನನಗೆ ಅಳು ಬಂತು. ತಡೆದುಕೊಳ್ಳಲು ಹೋಗಲಿಲ್ಲ. ಅಳುತ್ತಲೇ, ನನ್ನ ಕೊನೆಯ ದಿನ ಅಕ್ಕನ ಕಾರು ತಂದು ಪೆಟ್ಟಿಗೆಗಳನ್ನು ತೆಗೆದುಕೊಂಡು ಹೋಗುತ್ತೇನೆ ಎಂದೆ.

“ಅವು ಇಲ್ಲೇ ಇರಲಿ” ಎಂದರು. ಆಮೇಲೆ ಕನ್ನಡಕ ತೆಗೆದು ಸರದಲ್ಲಿ ಇಳಿಬಿಟ್ಟು, “ನೀನು ಒಳ್ಳೆಯ ಟೀಚರಾಗುತ್ತೀಯ” ಎಂದರು. ಅಭ್ಯಾಸಬಲದಿಂದ ಬಾಗಿಲ ಕಡೆ ಎರಡು ಹೆಜ್ಜೆ ಹಾಕಿ ನಿಂತರು. ವಾಪಸು ಬಂದು, ಬಗ್ಗಿ, ಕಿತ್ತಳೆ ಪೆಟ್ಟಿಗೆಯ ಮೇಲೆ ಟಕಟಕ ಕುಟ್ಟಿದರು.