ಹೋಗುವಾಗ ರೈಲು, ಬರುವಾಗ ಸೈಕಲ್ಲು

ಅವರ ಬಲಗಾಲಿನ ಮೀನಖಂಡದ ಒಳಬದಿಯಲ್ಲಿ ಸೈಕಲ್ಲಿನ ಹಲ್ಲುಚಕ್ರದ ಕರಿ ಗುರುತು ಸದಾ ಇರುತ್ತಿತ್ತು. ಸಾಲಾಗಿ ನಾಲ್ಕೈದು ಹಲ್ಲು, ಹಚ್ಚೆ ಹೊಯ್ಯಿಸಿಕೊಂಡ ಹಾಗೆ. ಸಾಬೂನಿಗೆ ಹೋಗುವುದಿಲ್ಲ, ಚಿಮಣಿ ಎಣ್ಣೆಗೂ ಹೋಗುವುದಿಲ್ಲ ಎನ್ನುತ್ತಿದ್ದರು. ಖರೆ ಹೇಳಬೇಕೆಂದರೆ ಅವರು ಅದನ್ನು ತೊಳೆಯುವ ಗೋಜಿಗೇ ಹೋಗುತ್ತಿರಲಿಲ್ಲ. ಪಾಯಜಾಮದ ಬಲಗಾಲನ್ನು ಮೊಳಕಾಲಿನವರೆಗೆ ಮಡಚಿ, ಎಡಗಾಲನ್ನು ಹಾಗೇ ಇಳಿಬಿಟ್ಟು, ಮದುವೆ ಮನೆಗೂ ಬ್ಯಾಂಕಿಗೂ ಅದೇ ವೇಷದಲ್ಲಿ ಬಂದುಬಿಡುತ್ತಿದ್ದರು.

ಔರಾದದಲ್ಲಿ ಎಲ್ಲರಿಗೂ ಅವರು ‘ದನದ ಡಾಕ್ಟ್ರು’. ನೌಕರಿ ಮುಗಿದು ಎಷ್ಟೋ ಕಾಲವಾಗಿದ್ದರೂ ಎಮ್ಮೆ ಈಯಲಾರದೆ ಒದ್ದಾಡಿದರೆ ಜನ ಅವರ ಬಾಗಿಲನ್ನೇ ಬಡಿಯುತ್ತಿದ್ದರು. ನಾನು ಭಾಲ್ಕಿಯಲ್ಲಿ ಔಷಧಿ ಅಂಗಡಿ ಇಟ್ಟವನು. ಅವರಿಗೆ ನಾನು ‘ಮೆಡಿಕಲ್‌ನವರು’. ಕೊನೆಯವರೆಗೂ ನಾವು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದಿಲ್ಲ.

ಅವರನ್ನು ಮೊದಲು ಕಂಡದ್ದು ಭಾಲ್ಕಿ ಸ್ಟೇಷನ್ನಿನಲ್ಲಿ. ನಾನು ಸೋದರತ್ತೆಯನ್ನು ರೈಲಿಗೆ ಕೂಡಿಸಲು ಹೋಗಿದ್ದೆ. ಪ್ಲಾಟ್‌ಫಾರ್ಮಿನ ಮೇಲೆ ಒಬ್ಬ ಹಿರಿಯರು ಕೌದಿ ಹಾಸಿ, ಅದರ ಮೇಲೆ ಒಂದು ಸೈಕಲ್ಲನ್ನು ಕೀಲು ಕೀಲು ಬಿಚ್ಚುತ್ತಾ ಕೂತಿದ್ದರು. ಭಾಲ್ಕಿಯಲ್ಲಿ ರೈಲು ನಿಂತೆ ಅನ್ನುವಷ್ಟರಲ್ಲಿ ಹೊರಡುತ್ತದೆ. ಸಾಮಾನಿನ ಡಬ್ಬಿಗೆ ಸೈಕಲ್ ಏರಿಸುವಷ್ಟು ಪುರಸೊತ್ತು ಅದಕ್ಕಿಲ್ಲ, ಏರಿಸಬೇಕೆಂದರೆ ಬೀದರಿಗೆ ಒಯ್ಯಬೇಕು. ಡಾಕ್ಟ್ರು ಅದಕ್ಕೊಂದು ಉಪಾಯ ಹೂಡಿದ್ದರು. ಔರಾದದಿಂದ ಜೀಪಿನ ಮೇಲೆ ಸೈಕಲ್ ತರುವುದು, ಇಲ್ಲಿ ಬಿಚ್ಚಿ ಕೌದಿಯಲ್ಲಿ ಸುತ್ತುವುದು, ಹಾಸಿಗೆಯ ಗಂಟು ಎಂದು ಜನರಲ್ ಡಬ್ಬಿಯೊಳಗೆ ತೂರಿಸುವುದು.

ಮುಂದಿನ ಗಾಲಿ ತೆಗೆದ ಮೇಲೆ ಅದನ್ನು ಹಿಡಿದಿದ್ದ ಎರಡು ಕವಲುಗಳ ನಡುವೆ ಒಂದು ಪೇರಲ ಕಟ್ಟಿಗೆಯ ತುಂಡು ಸಿಕ್ಕಿಸಿದರು. ಯಾಕೆಂದು ನಾನು ಕೇಳಿದ್ದೇ ತಪ್ಪಾಯಿತು.

“ಯಾರಾರ ಮ್ಯಾಲ ಪೇಟಿ ಇಟ್ರ ಇದು ಒಳಗ ಬಾಗ್ತದ್ರಿ. ಕಟ್ಟಿಗಿ ಇದ್ರ ಬಾಗಂಗಿಲ್ಲ. ಜರಾ ಇವು ಹಿಡಕೊಳ್ರಿ,” ಎಂದು ಎರಡು ಪೆಡಲು ನನ್ನ ಕೈಗೆ ಕೊಟ್ಟರು.

ರೈಲು ಬಂತು. ನಾನು ಅತ್ತೆಯನ್ನು ಹತ್ತಿಸಿದೆ, ಅವರು ಗಂಟನ್ನು ಹತ್ತಿಸಿದರು. ರೈಲು ಹೊರಟ ಮೇಲೆ ನೋಡುತ್ತೇನೆ, ಪೆಡಲು ನನ್ನ ಕೈಯಲ್ಲೇ ಇವೆ! ಎತ್ತಿ ತೋರಿಸುತ್ತಾ ಓಡಿದೆ. ಕಿಟಕಿಯಿಂದ ಅವರ ತಲೆ ಹೊರಗೆ ಬಂತು. “ಕಮಲನಗರ! ಕಮಲನಗರ!” ಎಂದು ಕೂಗಿದರು. ಮುಂದಿನ ಊರಲ್ಲಿ ಇಳಿಯುತ್ತೇನೆ ಎಂದು ಅರ್ಥ. ಅಪರಿಚಿತನ ಪೆಡಲು ಹಿಡಿದುಕೊಂಡು ಸ್ಕೂಟರಿನ ಮೇಲೆ ಕಮಲನಗರಕ್ಕೆ ಹೋದ ಹುಚ್ಚ ನಾನು. ಬೆಂಚಿನ ಮೇಲೆ ಕೌದಿಗಂಟನ್ನು ಮಗ್ಗುಲಲ್ಲಿಟ್ಟುಕೊಂಡು ಆರಾಮಾಗಿ ಕೂತಿದ್ದರು.

“ನೀವು ಬರ್ತೀರಿ ಅಂತ ಗೊತ್ತಿತ್ರಿ,” ಎಂದರು.

“ಹ್ಯಾಂಗ?”

“ಬರೇ ಪೆಡಲ್ ಇಟ್ಕೊಂಡು ನೀವರ ಏನ್ ಮಾಡ್ತೀರಿ?”

ಗಡಿಯಾಚೆಯ ಪರಳಿಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಔರಾದಕ್ಕೆ ತುಳಿದುಕೊಂಡು ಬರುವುದು ಅವರ ಲೆಕ್ಕವಾಗಿತ್ತು. ಯಾವಾಗಲೂ ಅವರದು ಇದೇ ಪದ್ಧತಿ. “ಹೋಗೋದು ಹ್ಯಾಂಗರ ಹೋಗ್ರಿ. ಬರೋದು ಮಾತ್ರ ತುಳಕೋತ ಬರಬೇಕು. ಮನಿ ಮುಂದದ ಅಂದ್ರ ದಿಬ್ಬನೂ ಇಳಕಲ ಆಗ್ತದ,” ಎನ್ನುವರು. ಆ ದಿನ ಪರಳಿ ತಪ್ಪಿತು. ಕಮಲನಗರದಲ್ಲೇ ಸೈಕಲ್ ಜೋಡಿಸಿ ಊರ ದಾರಿ ಹಿಡಿದರು. ಉಂಡೇ ಹೋಗಬೇಕೆಂದು ಹಟ ಹಿಡಿದದ್ದಕ್ಕೆ ಅವರ ಹಿಂದೆ ಸ್ಕೂಟರಿನಲ್ಲಿ ಮೆಲ್ಲಗೆ ನಾನು, ಎತ್ತಿನ ಬಂಡಿಯ ಹಿಂದೆ ಸಿಕ್ಕವನ ಹಾಗೆ.

ಅವರ ಓಣಿ ತಿರುಗಿ ಗಂಟೆ ಹೊಡೆದದ್ದೇ ತಡ, ಬಾಗಿಲಲ್ಲಿ ಅವರ ಹೆಂಡತಿ ನೀರಿನ ತಂಬಿಗೆ ಹಿಡಿದು ನಿಂತಿದ್ದರು. “ಹೋಗಿ ಒಂದ್ ಹೊತ್ತೂ ಆಗಿಲ್ಲ, ಆಗಲೆ ಮನಿ ನೆಪ್ಪಾಯ್ತಾ?” ಎಂದು ನಕ್ಕರು. ಪೆಡಲಿನ ಕಥೆ ಕೇಳಿ ಇನ್ನೂ ನಕ್ಕರು. ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ, ನಮ್ಮಿಬ್ಬರಿಗೂ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಡಾಕ್ಟ್ರು ಉಣ್ಣುತ್ತಾ ಒಂದು ಸಲ ಅವರ ಮುಖ ನೋಡಿದ ರೀತಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಮದುವೆ ಮುರಿದು ಆಗಲೇ ಕೆಲವು ವರ್ಷವಾಗಿತ್ತು. ಮನೆಗೆ ಬರುವುದಕ್ಕೂ ಒಂದು ಸಂಭ್ರಮವಿರುತ್ತದೆ ಎಂಬುದು ನನಗೆ ಮರೆತೇಹೋಗಿತ್ತು.

ಅಲ್ಲಿಂದ ನನಗೂ ಸೈಕಲ್ಲಿನ ಹುಚ್ಚು ಅಂಟಿತು. ಸಕ್ಕರೆ ಕಾಯಿಲೆಗೆ ಮದ್ದೆಂದು ಕೊಂಡು ಮೂಲೆಗೆ ಒರಗಿಸಿದ್ದ ನನ್ನ ಅಲ್ಯೂಮಿನಿಯಂ ಸೈಕಲ್ಲನ್ನು ಅವರು ಸಂತೆಯಲ್ಲಿ ಬಡಕಲು ಹೋರಿ ನೋಡುವಂತೆ ನೋಡಿದರು. ಅವರ ಸೈಕಲ್ಲಿನ ಚೌಕಟ್ಟು ಉಕ್ಕಿನದು. ಪುಣೆಯ ಕುಶಲಗಾರನೊಬ್ಬ ಕೊಳವೆಗಳನ್ನು ಹಿತ್ತಾಳೆಯಿಂದ ಬೆಸೆದು ಮಾಡಿಕೊಟ್ಟದ್ದು. ಹಿಂದಿನ ಗಾಲಿ ತುಸು ದೂರ, ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಾಗಬಾರದೆಂದು. ಚೀಲಗಳನ್ನು ಬೀದರಿನ ದರ್ಜಿಯೊಬ್ಬನ ಬೆನ್ನು ಬಿದ್ದು ಲಾರಿಗೆ ಹೊದಿಸುವ ತಾಡಪತ್ರಿಯಲ್ಲಿ ಹೊಲಿಸಿದ್ದರು. ಕ್ಯಾರಿಯರಿನ ಅಕ್ಕಪಕ್ಕ ಅವನ್ನು ಆದಷ್ಟು ಕೆಳಗೆ ತೂಗುಹಾಕುವರು. “ಭಾರ ಕೆಳಗಿದ್ರ ಸೈಕಲ್ ಮಾತ್ ಕೇಳ್ತದ್ರಿ. ಮ್ಯಾಲಿಟ್ರ ಕುಡದವರಂಗ ಆಡ್ತದ,” ಎಂದು ನೂರು ಸಲ ಹೇಳಿದ್ದಾರೆ.

ನನಗೂ ಅಂಥದೇ ಒಂದು ಮಾಡಿಸುವುದೆಂದು ನಿಶ್ಚಯವಾದಾಗ ಅಳತೆ ತೆಗೆಯಲು ನನ್ನ ಅಂಗಡಿಗೇ ಬಂದರು. ಗಿರಾಕಿಗಳ ಎದುರಿಗೇ ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿ, ತೊಡೆಸಂದಿಯಲ್ಲಿ ಒಂದು ದಪ್ಪ ಪುಸ್ತಕ ಸಿಕ್ಕಿಸಿ, ನೆಲದಿಂದ ಟೇಪು ಹಿಡಿದರು. ಔಷಧಿಗೆ ಬಂದ ಮುದುಕಿಯೊಬ್ಬಳು ಗಾಬರಿಯಾಗಿ, “ಏನಾಗ್ಯಾದ್ರಿ ಪಾಪ ಅವರಿಗಿ?” ಎಂದಳು.

“ಏನಿಲ್ಲಬೇ, ಎಷ್ಟ್ ಎತ್ತರದ ಎತ್ತು ಬೇಕು ನೋಡ್ಲತ್ತೀನಿ,” ಎಂದರು ಡಾಕ್ಟ್ರು, ಮುಖದ ಒಂದು ಗೆರೆಯೂ ಅಲುಗದೆ.

ಆಮೇಲೆ ದಿನವೂ ಸಂಜೆ ಫೋನು. ಟೈರು ಎಷ್ಟು ಅಗಲ ಇರಬೇಕು, ತೊಗಲಿನ ಸೀಟಿಗೆ ಯಾವ ಎಣ್ಣೆ, ಮಡ್‌ಗಾರ್ಡಿನ ಕಡ್ಡಿ ಯಾಕೆ ಕಿರುಗುಟ್ಟುತ್ತದೆ. ಸೈಕಲ್ಲು ಬಿಟ್ಟು ನಾವು ಬೇರೆ ಮಾತಾಡಿದ್ದು ಕಡಿಮೆ. ಮನೆ, ಮೈ, ಮನಸ್ಸು ಎಲ್ಲವನ್ನೂ ಅದರ ಮೂಲಕವೇ ಆಡಿಕೊಳ್ಳುತ್ತಿದ್ದೆವು. ಇಡೀ ಜಿಲ್ಲೆಯಲ್ಲಿ ಈ ಮಾತು ಕೇಳುವವರು ಅವರಿಗೆ ನಾನೊಬ್ಬ, ನನಗೆ ಅವರೊಬ್ಬರು. ಅವರ ಹೆಂಡತಿ ಹಿಂದಿನಿಂದ, “ಆ ಮೆಡಿಕಲ್‌ನವ್ರು ಉಂಡಾರೋ ಇಲ್ಲೋ ಕೇಳ್ರಿ ಮೊದಲ,” ಎನ್ನುವುದು ಫೋನಿನಲ್ಲಿ ಕೇಳಿಸುತ್ತಿತ್ತು.

ಆ ದನಿ ಒಂದು ಬೇಸಿಗೆಯಲ್ಲಿ ನಿಂತುಹೋಯಿತು. ಕಾಯಿಲೆ ಬಿದ್ದವರು ಏಳಲಿಲ್ಲ. ನಾನು ಮಣ್ಣಿಗೆ ಹೋಗಿ ಬಂದೆ. ಮಕ್ಕಳಿಲ್ಲದ ಮನೆ. ಬಂದ ನೆಂಟರು ಹೊರಟುಹೋದರು. ಸಂಜೆಯ ಫೋನು ಕೆಲವು ವಾರ ಬಿಟ್ಟು ಮತ್ತೆ ಶುರುವಾಯಿತು. ಅದೇ ಟೈರು, ಅದೇ ಚೈನು. ಅವರು ಚೇತರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಒಂದು ದಿನ ಮಧ್ಯಾಹ್ನ ಭಾಲ್ಕಿ ಬಸ್‌ಸ್ಟ್ಯಾಂಡಿನ ಎದುರು, ಜೀಪಿನ ಮೇಲೆ ಆ ಕೌದಿಯ ಗಂಟು ಏರಿಸುತ್ತಿದ್ದ ಡಾಕ್ಟ್ರನ್ನು ಕಂಡೆ. ಎಲ್ಲಿಗೆ ಎಂದೆ. ಔರಾದಕ್ಕೆ ಎಂದರು. ನನಗೆ ಅರ್ಥವಾಗಲಿಲ್ಲ.

“ಸೈಕಲ್ ಕಟ್ಟಿ ಮನಿಗಿ ಒಯ್ಲತ್ತೀರಿ? ಇದೇನ್ರಿ ಉಲ್ಟಾ?”

“ಹೋಗೋ ಮುಂದ ತುಳೀತೇನ್ರಿ. ಬರೋ ಮುಂದ ಗಾಡಿ ಮ್ಯಾಲ ಹಾಕ್ತೇನಿ,” ಎಂದು ಹಗ್ಗ ಬಿಗಿದರು. ಗಂಟನ್ನೊಮ್ಮೆ ಅಲುಗಿಸಿ ನೋಡಿ, “ಮನಿ ಕಡಿಗಿ ಮಾರಿ ಮಾಡಿದ್ರ ಕಾಲು ತುಳಿಯಂಗೇ ಇಲ್ರಿ ಮೆಡಿಕಲ್‌ನವರೆ. ಬಾಗಿಲಾಗ ಬೀಗ ಕಾಣ್ತದ,” ಎಂದರು.

ಜೀಪು ಹೋಯಿತು. ನಾನು ಅಂಗಡಿಗೆ ಬಂದು ಕೂತರೆ ಗಿರಾಕಿ ಕೇಳಿದ್ದೊಂದು, ನಾನು ಕೊಟ್ಟದ್ದೊಂದು. ನನ್ನ ಬಾಗಿಲಲ್ಲೂ ದಿನವೂ ಬೀಗವೇ ಕಾಣುತ್ತಿತ್ತು. ನಾನು ಅದಕ್ಕೆ ಒಗ್ಗಿಹೋಗಿದ್ದೆ, ಅವರು ಒಗ್ಗಿರಲಿಲ್ಲ, ಅಷ್ಟೇ ವ್ಯತ್ಯಾಸ. ಹೆಂಡತಿಯನ್ನು ನಾನು ತಂದುಕೊಡಲಾರೆ. ಆದರೆ ಬೀಗ ತೆಗೆಯುವುದೇನು ದೊಡ್ಡ ವಿದ್ಯೆಯಲ್ಲವಲ್ಲ ಎನ್ನಿಸಿತು.

ಸಂಜೆ ಫೋನಿನಲ್ಲಿ ಹೇಳಿದೆ. “ಪರಳಿ ತಪ್ಪಿದ್ದು ಬಾಕಿ ಅದ. ರೈಲಿಗಿ ಹೋಗ್ರಿ, ತುಳಕೋತ ಬರ್ರಿ. ಹೋಗೋ ಮುಂದ ಮನಿ ಕೀಲಿ ನನ್ನ ಕೈಯಾಗ ಕೊಟ್ಟು ಹೋಗ್ರಿ.” ಆ ವಾರವೇ ಅವರು ಬಂದರು. ಸ್ಟೇಷನ್ನಿನಲ್ಲಿ ಗಂಟು ಹತ್ತಿಸಿ, ಕೀಲಿ ಕೊಟ್ಟು, ಹೋದರು.

ಅವರು ಮರಳುವ ದಿನ ಅಂಗಡಿ ಮುಚ್ಚಿ ಔರಾದಕ್ಕೆ ಹೋದೆ. ಬಾಗಿಲು ತೆಗೆದೆ, ಕಸ ಹೊಡೆದೆ. ಮಗ್ಗುಲ ಮನೆಯ ಅವ್ವ ಬಗ್ಗಿ ನೋಡಿ, “ಯಾರಪಾ ನೀ? ಡಾಕ್ಟ್ರು ಊರಾಗಿಲ್ಲ,” ಎಂದಳು. ವಿಷಯ ತಿಳಿದ ಮೇಲೆ ಒಳಗೆ ಹೋಗಿ ನಾಲ್ಕು ರೊಟ್ಟಿ ತಂದಿಟ್ಟಳು. ಇಳಿಹೊತ್ತಿಗೆ ಓಣಿಯ ತಿರುವಿನಲ್ಲಿ ಗಂಟೆ ಕೇಳಿಸಿತು. ನಾನು ನೀರಿನ ತಂಬಿಗೆ ಹಿಡಿದು ಬಾಗಿಲಿಗೆ ಬಂದೆ. ಅವರು ಸೈಕಲ್ಲಿನಿಂದ ಇಳಿದು, ತೆರೆದ ಬಾಗಿಲನ್ನು ನೋಡುತ್ತಾ ಅಲ್ಲೇ ನಿಂತುಬಿಟ್ಟರು. ಆಮೇಲೆ ಕಟ್ಟೆಯ ಮೇಲೆ ಕೂತು, ಉದಗೀರ ದಾಟಿದ ಮೇಲೆ ಹಿಂದಿನ ಗಾಲಿಯ ಕಡ್ಡಿಯೊಂದು ಸಡಿಲಾದದ್ದನ್ನು, ಅದನ್ನು ತಾವು ಬಿಗಿದ ಬಗೆಯನ್ನು ಹೇಳತೊಡಗಿದರು. ಹೇಳುತ್ತಾ ಇದ್ದರು, ಕಣ್ಣಿಂದ ನೀರು ಇಳಿಯುತ್ತಾ ಇತ್ತು. ಎರಡಕ್ಕೂ ಸಂಬಂಧವೇ ಇಲ್ಲವೆಂಬಂತೆ ಇಬ್ಬರೂ ಇದ್ದೆವು. ನನ್ನ ಚಹಾ ಕುಡಿದು, “ಇದು ದನಕ್ಕ ಕುಡಸೋ ಔಷಧ ಆಗ್ಯಾದ್ರಿ,” ಎಂದರು. ಮಾರನೆಯ ದಿನ ನಾನು ಹೊರಟಾಗ ನನ್ನ ಮುಂದೆ ಕೈ ಚಾಚಿದರು. “ನಿಮ್ಮನಿದೊಂದು ಕೀಲಿ ನನಗ ಕೊಡ್ರಿ. ನೀವೂ ಖಾಲಿ ಮನಿಗೇ ಬರ್ತೀರಿ.”

ಅಲ್ಲಿಂದ ಮುಂದೆ ನಮ್ಮಿಬ್ಬರ ನಡುವೆ ಇದೇ ಕಟ್ಟಳೆ. ಒಬ್ಬ ತುಳಿದರೆ ಇನ್ನೊಬ್ಬ ಕಾಯಬೇಕು. ನಾನು ತಿರುಗಾಟದಿಂದ ಬರುವ ದಿನ ಅವರು ಭಾಲ್ಕಿಗೆ ಬಸ್ಸು ಹತ್ತುವರು. ನಮ್ಮ ಓಣಿಯ ಜನ ಅವರನ್ನು ನನ್ನ ಚಿಕ್ಕಪ್ಪ ಎಂದುಕೊಂಡಿದ್ದರು, ನಾನೂ ತಿದ್ದಲಿಲ್ಲ. ನಾನು ಬಂದ ಕೂಡಲೇ ಅವರು ನನ್ನನ್ನು ನೋಡುತ್ತಿರಲಿಲ್ಲ. ಹಿಂದಿನ ಗಾಲಿ ಎತ್ತಿ ಗಿರ್ರನೆ ತಿರುಗಿಸಿ, ಅದು ನೆಟ್ಟಗಿದೆ ಎಂದು ಖಾತ್ರಿಯಾದ ಮೇಲೆ, “ಒಳಗ ಬರ್ರಿ, ನಿಮ್ಮದೇ ಮನಿ,” ಎನ್ನುವರು. ಆ ಒಂದು ಮಾತಿಗಾಗಿ ಎದುರುಗಾಳಿಯಲ್ಲಿ ದಿನಗಟ್ಟಲೆ ತುಳಿದಿದ್ದೇನೆ.

ಕಡೆಯ ಸಲ ನಾನು ಬೀದರಿನಲ್ಲಿ ಸೈಕಲ್ಲನ್ನು ಸಾಮಾನಿನ ಡಬ್ಬಿಗೆ ಬುಕ್ ಮಾಡಿ ಪರಳಿಗೆ ಹೋಗಿದ್ದೆ. ಮರಳುವ ಹಿಂದಿನ ಸಂಜೆ ಉದಗೀರದಿಂದ ಫೋನು ಮಾಡಿದೆ. “ಗಾಳಿ ಎದುರಿಗಿ ಬಂದ್ರ ಹಟ ಮಾಡಬ್ಯಾಡ್ರಿ. ಸಣ್ಣ ಗೇರಿಗಿ ಹಾಕ್ಕೊಂಡು ಸಾವಕಾಶ ಬರ್ರಿ. ನಾ ಇರ್ತೇನಿ,” ಎಂದರು.

ಮಧ್ಯಾಹ್ನ ಮೀರಿದ ಮೇಲೆ ಓಣಿಗೆ ತಿರುಗಿ ಗಂಟೆ ಹೊಡೆದೆ. ಯಾರೂ ಹೊರಗೆ ಬರಲಿಲ್ಲ. ಬಾಗಿಲಿಗೆ ಬೀಗ ಹಾಗೇ ಇತ್ತು. ಬಸ್ಸು ತಪ್ಪಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಅವರ ಮನೆಗೆ ಫೋನು ಮಾಡಿದೆ. ಎತ್ತಿದವಳು ಮಗ್ಗುಲ ಮನೆಯ ಅವ್ವ. “ಡಾಕ್ಟ್ರು ಹೋದ್ರಪಾ. ಮುಂಜಾನಿ ಬಸ್‌ಸ್ಟ್ಯಾಂಡಿನ್ಯಾಗ ಕುಂತಲ್ಲೇ ಹೋದ್ರು. ನಿನಗ ಹೇಳ್ಬೇಕಂದ್ರ ನಿನ್ನ ನಂಬರ್ ಯಾರಿಗೂ ಗೊತ್ತಿಲ್ಲ,” ಎಂದು ಅತ್ತಳು. ಸೈಕಲ್ಲನ್ನು ಚೀಲಗಳ ಸಮೇತ ಕಟ್ಟೆಗೆ ಒರಗಿಸಿ, ಬೀಗ ಮುಟ್ಟದೆ, ಸಿಕ್ಕ ಜೀಪು ಹತ್ತಿದೆ.

ಅವರನ್ನು ಮಲಗಿಸಿದ್ದರು. ಬಲಗಾಲಿನ ಪಾಯಜಾಮವನ್ನು ಯಾರೋ ಸರಿಯಾಗಿ ಇಳಿಸಿದ್ದರು. ಅದು ಅವರ ಕಾಲೇ ಅಲ್ಲ ಎನ್ನಿಸಿತು. ಹಳ್ಳಿಯಿಂದ ಬಂದ ನೆಂಟರಲ್ಲಿ ಯಾರಿಗೂ ನಾನು ಗೊತ್ತಿಲ್ಲ, ನನಗೂ ಯಾರೂ ಗೊತ್ತಿಲ್ಲ. ಅವ್ವ ನನ್ನನ್ನು ಪಕ್ಕಕ್ಕೆ ಕರೆದು ಸೆರಗಿನ ಗಂಟು ಬಿಚ್ಚಿದಳು.

“ಅಂಗಿ ಕಿಸೆದಾಗ ಎರಡು ಕೀಲಿ ಇದ್ದವು. ಒಂದು ಈ ಮನಿದು. ಇದು ಯಾವ್ದಕ್ಕೂ ಹತ್ತಂಗಿಲ್ಲ. ಯಾರ್ದೋ ಏನೋ, ಇವ್ರು ಬಿಸಾಡು ಅಂತಾರ.”

“ನಮ್ಮನಿದಬೇ,” ಎಂದೆ. ಆಕೆ ಅದನ್ನು ನನ್ನ ಅಂಗೈಯಲ್ಲಿಟ್ಟು, ಬೆರಳು ಮುಚ್ಚಿಸಿ, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಳು.

ನಾನು ಈಗಲೂ ಹೋಗುವಾಗ ರೈಲಿಗೆ ಹೋಗುತ್ತೇನೆ, ಬರುವಾಗ ತುಳಿದುಕೊಂಡೇ ಬರುತ್ತೇನೆ. ಬೇರೆ ರೀತಿ ಬರುವುದು ನನಗೆ ಗೊತ್ತಿಲ್ಲ, ಅವರು ಕಲಿಸಲಿಲ್ಲ. ಪರಳಿಯ ದಿಬ್ಬಗಳು ರೂಢಿಯಾಗಿವೆ, ಎದುರುಗಾಳಿಯೂ ರೂಢಿಯಾಗಿದೆ. ಮನೆ ಮುಟ್ಟಿದ ಮೇಲೆ ಬೀಗ ತೆಗೆಯುವುದೊಂದು ಇನ್ನೂ ರೂಢಿಯಾಗಿಲ್ಲ.