ಹಠ ಮಾತ್ರ ಅಜ್ಜಿಯದು

“ಮಗೀಂದು ಮೂಗು ಥೇಟ್ ಅಪ್ಪಂದೇ ಕಣವ್ವ!” ದೊಡ್ಡಮಳೂರು ದೇವಸ್ಥಾನದೆದುರು ಹೂ ಮಾರುವ ಹೆಂಗಸು ನನ್ನ ಮಗಳ ಗಲ್ಲ ಹಿಡಿದು ಹೇಳಿದರು. ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. ಮಗುವನ್ನು ದತ್ತು ತಂದ ಮೇಲೆ ಮನೆಯವರೆಲ್ಲ ಸೇರಿ ಹೊರಟ ಮೊದಲ ಭಾನುವಾರವದು. ದತ್ತು ಬೇಡವೆಂದಿದ್ದ ಅತ್ತೆಯೂ ಜೊತೆಗಿದ್ದರು. ಅಲ್ಲಿಯವರೆಗೆ ಒಮ್ಮೆಯೂ ಅವರು ಮಗುವನ್ನು ಎತ್ತಿಕೊಂಡಿರಲಿಲ್ಲ. ಈಗ ಏನು ಹೇಳಿಬಿಡುತ್ತಾರೋ ಎಂದು ನಾನು ಅವರತ್ತ ತಿರುಗಿದೆ.

ಮಗಳು ನನ್ನ ಕಂಕುಳಿಂದಲೇ ಬಗ್ಗಿ ಅತ್ತೆಯ ಸೆರಗು ಹಿಡಿದಳು. ಬಿಡಿಸಿದರೂ ಬಿಡಲಿಲ್ಲ. ಅತ್ತೆ ನಕ್ಕುಬಿಟ್ಟರು.

“ಮೂಗು ಅವುನ್ದು, ಹಠ ಮಾತ್ರ ನಂದೇ ಕಣವ್ವ” ಎಂದು ಹೂವಿನವರಿಗೆ ಹೇಳಿ, ಮಗಳಿಗೆ ಎರಡೂ ಕೈ ಚಾಚಿದರು.

ಮನೆ ತಲುಪುವವರೆಗೂ ಅವಳು ಅಜ್ಜಿಯ ತೊಡೆಯಿಂದ ಇಳಿಯಲಿಲ್ಲ. ಈಗ ಭಾನುವಾರ ಬಂದರೆ ಎಲ್ಲರಿಗಿಂತ ಮೊದಲು ಸೀರೆಯುಟ್ಟು, ಮೊಮ್ಮಗಳನ್ನೆತ್ತಿಕೊಂಡು ಬಾಗಿಲಲ್ಲಿ ನಿಲ್ಲುವವರು ಅತ್ತೆಯೇ.